ಮರದಿಂದ ಬಿದ್ದಾಗ ಅಡ ಇಟ್ಟ ಓಲೆ, ಮತ್ತೆ ಮರ ಹತ್ತಿ ಬಿಡಿಸಿ ತಂದರು

(ಕೊಡಗಿನವರ ಒಂದು ಗ್ರೂಪಿನಲ್ಲಿ 2025ರ ಮೇ ತಿಂಗಳಲ್ಲಿ ನಡೆದ ಮಾತುಕತೆ. ಇದರಲ್ಲಿ ಬರುವ 1923, 1951ರ ಕಾಯ್ದೆಗಳು ಆಗ ಜಾರಿಯಲ್ಲಿದ್ದವು; 2025ರ ನವೆಂಬರ್‌ನಲ್ಲಿ ಅವುಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದವು.)

ಸುಂಟಿಕೊಪ್ಪದಾಕೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಜಾಸ್ತಿ ಕಾಫಿ ರೇಟು, ಆನೆ ಕಾಟ, ಮಳೆ ಎಷ್ಟು ಇಂಚು ಬಂತು ಅನ್ನೋದೇ ಮಾತು. ನನ್ನದು ಮನೆ ವಿಷಯ. ಇಲ್ಲಿ ಹಾಕಬಾರದು ಅಂತಿದ್ದರೆ ಅಡ್ಮಿನ್ ತೆಗೆದುಬಿಡಿ.

ನಾವು ಸುಂಟಿಕೊಪ್ಪ ಕಡೆ ಒಂದು ತೋಟದ ಲೈನ್ ಮನೆಯಲ್ಲಿದ್ದೇವೆ, ಕೆಲಸದವರಿಗೆ ಅಂತ ಸಾಲಾಗಿ ಕಟ್ಟಿದ ಮನೆ. ನಮ್ಮನೆಯವರಿಗೆ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯೋದು, ಮತ್ತೆ ಕರಿಮೆಣಸು ಕೊಯ್ಲು. ನನಗೆ ಕಾಫಿ ಕೊಯ್ಲು, ಕಳೆ, ಗೊಬ್ಬರ, ಏನು ಹೇಳಿದರೆ ಅದು. 2023ರ ಮೇ ಕೊನೆಯಲ್ಲಿ ಮರಗಸಿ ಮಾಡುವಾಗ ಇವರು ಮರದಿಂದ ಬಿದ್ದರು. ಬಲಗೈ ಮೂಳೆ ಎರಡು ಕಡೆ ಮುರಿಯಿತು. ರಾಡ್ ಹಾಕಿದರು. ಆ ಮಳೆಗಾಲ ಪೂರ್ತಿ ಅವರಿಗೆ ಕೆಲಸ ಇಲ್ಲ. ನನ್ನ ಬೆಂಡೋಲೆ ಅಡ ಇಟ್ಟೆವು. ಅಮ್ಮ ಮದುವೆಗೆ ಕೊಟ್ಟಿದ್ದು, ಸುಮಾರು ಆರು ಗ್ರಾಂ. 20 ಸಾವಿರ ಕೊಟ್ಟರು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ.

ಇನ್ನು ಅದು ಹೋದ ಹಾಗೇ ಅಂತ ಅಂದುಕೊಂಡಿದ್ದೆ. ಸಂತೆಯಲ್ಲಿ ಸಿಗೋ ಓಲೆ ಹಾಕಿದರೆ ನನಗೆ ಕಿವಿ ಕೀವಾಗುತ್ತೆ. ತೂತು ಮುಚ್ಚಬಾರದು ಅಂತ ಬೇವಿನ ಕಡ್ಡಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ.

ಈ ಯುಗಾದಿಯ ಹಿಂದಿನ ರಾತ್ರಿ ಇವರು ಊಟಕ್ಕೆ ಕೂತಾಗ ಜೇಬಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಕವರ್ ತೆಗೆದು ತಟ್ಟೆ ಪಕ್ಕ ಇಟ್ಟರು. ಏನೂ ಹೇಳಲಿಲ್ಲ. ಸಾರು ಹಾಕು ಅಂದರು, ಅಷ್ಟೇ. ಬಿಚ್ಚಿ ನೋಡಿದರೆ ನನ್ನ ಓಲೆ.

ಖುಷಿ ಆಯ್ತಾ ಅಂದರೆ ಆಯ್ತು. ಆಮೇಲೆ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದೆ. ಎರಡು ಸೀಸನ್‌ನಿಂದ ಭಾನುವಾರ ಗೆಳೆಯನ ಮನೆ ರಿಪೇರಿಗೆ ಅಂತ ಹೇಳಿ ಹೋಗುತ್ತಿದ್ದರಲ್ಲ, ಹೋಗುತ್ತಿದ್ದದ್ದು ಬೇರೆ ತೋಟಕ್ಕೆ. ಮೆಣಸು ಕೊಯ್ಯಲಿಕ್ಕೆ. ಕೆ.ಜಿ. ಲೆಕ್ಕ. ರಾಡ್ ಇರೋ ಕೈಯಲ್ಲಿ, ಸಿಲ್ವರ್ ಓಕ್ ಮರದ ಮೇಲೆ!

ಅದನ್ನು ಕೇಳಿದ ಮೇಲೆ ಓಲೆ ಹಾಕಿಕೊಳ್ಳಲಿಕ್ಕೆ ಮನಸ್ಸು ಬರಲಿಲ್ಲ. ಇನ್ನೂ ಡಬ್ಬಿಯಲ್ಲೇ ಇದೆ. ಅವರಿಗೆ ಬೇಜಾರು. ಮಾತು ಕಡಿಮೆ ಆಗಿದೆ. ನಿಮ್ಮ ಮನೆಗಳಲ್ಲಿ ಗಂಡ ಹೆಂಡತಿ ಮಧ್ಯೆ ಹೀಗೆ ಕೊಡೋದು ತಗೊಳ್ಳೋದು ಹೇಗೆ ನಡೆಯುತ್ತೆ? ದುಡ್ಡಿದ್ದವರ ಕಥೆ ಬೇಡ. ನಮ್ಮಂಥವರ ಮನೆಯದ್ದು ಹೇಳಿ.

ಮೈಸೂರಲ್ಲಿರೋ ಕೊಡಗಿನವ:

ಅಕ್ಕ, ಬೈಬೇಡಿ, ನಾನು ಭಾವನ ಪಾರ್ಟಿ. ಅವರು ಎರಡು ವರ್ಷ ಕಷ್ಟಪಟ್ಟಿದ್ದು ಓಲೆಯನ್ನು ನಿಮ್ಮ ಕಿವಿಯಲ್ಲಿ ನೋಡಲಿಕ್ಕೆ, ಡಬ್ಬಿಯಲ್ಲಿ ನೋಡಲಿಕ್ಕಲ್ಲ. ಮೊದಲು ಹಾಕಿಕೊಳ್ಳಿ. ಜಗಳ ಆಮೇಲೆ ಮಾಡಿ, ಓಲೆ ಹಾಕಿಕೊಂಡೇ ಮಾಡಿ.

ಇನ್ನೊಂದು ಲೆಕ್ಕ ನೋಡಿ. ನೀವು ಅಡ ಇಟ್ಟಾಗ 10 ಗ್ರಾಂ ಅಪರಂಜಿ 60 ಸಾವಿರದ ಆಸುಪಾಸಿನಲ್ಲಿತ್ತು. 2025ರ ಏಪ್ರಿಲ್‌ನಲ್ಲಿ ಅದು ಒಂದು ಲಕ್ಷ ಮುಟ್ಟಿತು. ಬಡ್ಡಿ ಕಟ್ಟದೆ ಹರಾಜಿಗೆ ಬಿಟ್ಟಿದ್ದರೆ ಅಷ್ಟೇ ತೂಕದ ಓಲೆ ಮತ್ತೆ ಮಾಡಿಸೋದು ಕನಸಿನ ಮಾತು. ಮಜೂರಿ, ವೇಸ್ಟೇಜ್ ಬೇರೆ. ಭಾವ ಸರಿಯಾದ ಟೈಮಿಗೆ ಬಿಡಿಸಿದ್ದಾರೆ. ತೋಟದ ಕೆಲಸದವರಿಗೆ ಲೆಕ್ಕ ಬರಲ್ಲ ಅಂತ ಯಾರು ಹೇಳಿದ್ದು?

ಕಂತು ಕಟ್ಟೋಳು:

ಲೆಕ್ಕ ಅಂದಿರಲ್ಲ, ನನ್ನದೂ ಕೇಳಿ. ಕುಶಾಲನಗರದಲ್ಲಿದ್ದೇವೆ. ನಮ್ಮನೆಯವರದು ಗೂಡ್ಸ್ ಆಟೋ. ಮದುವೆ ದಿನ ಅಂತ ನನಗೆ ಫ್ರಿಜ್ ತಂದರು. ರಿಬ್ಬನ್ ಕಟ್ಟಿಸಿಕೊಂಡು ಬಂದಿದ್ದರು ಮಾರಾಯರೇ. ಅಕ್ಕಪಕ್ಕದವರೆಲ್ಲ ಬಂದು ನೋಡಿದ್ದೇ ನೋಡಿದ್ದು. ಮುಂದಿನ ತಿಂಗಳು ಗೊತ್ತಾಯ್ತು, ಅದು ಪೂರ್ತಿ ಸಾಲದ ಮೇಲೆ. ಬಾಡಿಗೆ ಸರಿಯಾಗಿ ಸಿಗದ ತಿಂಗಳು ಕಂತು ಯಾರು ಕಟ್ಟಬೇಕು? 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಯ್ತಲ್ಲ, ಆ 2000 ಬಂದ ಕೂಡಲೇ ಸೀದಾ ಫ್ರಿಜ್ ಕಂತಿಗೆ. ನನ್ನ ಗಿಫ್ಟಿಗೆ ನಾನೇ ದುಡ್ಡು ಕಟ್ಟಿದೆ. ಇವರು ಮಾತ್ರ ಇವತ್ತಿಗೂ ನೆಂಟರ ಮುಂದೆ, ನಾನು ಕೊಡಿಸಿದ್ದು ಅಂತಾರೆ.

ಅದಕ್ಕೇ ಹೇಳೋದು ಅಕ್ಕ, ನಿಮ್ಮವರು ತಾವೇ ದುಡಿದು ತಂದಿದ್ದಾರೆ. ಅಷ್ಟರ ಮಟ್ಟಿಗೆ ನೀವು ಪುಣ್ಯವಂತೆ. ಆದರೆ ಹೇಳದೆ ಮಾಡಿದ್ದು ನನಗೂ ಹಿಡಿಸಲಿಲ್ಲ. ಬಡವರ ಮನೆಯಲ್ಲಿ ದುಡ್ಡಿನ ವಿಷಯ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು.

ಮೆಣಸು ಕಾಂಟ್ರಾಕ್ಟರ್, ಸಿದ್ದಾಪುರ:

ಅಕ್ಕನ ಸಿಟ್ಟು ನನಗೆ ಅರ್ಥವಾಗುತ್ತೆ. ಮೇಲೆ ಬರೆದವರು ಯಾರೂ ಏಣಿ ಹತ್ತಿದವರಲ್ಲ ಅನ್ಸುತ್ತೆ.

ಮೆಣಸು ಕೊಯ್ಯೋದು ಅಂದರೆ ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಳ್ಳಿ ಸಿಲ್ವರ್ ಓಕ್ ಮೇಲೆ ಮೂವತ್ತು ನಲವತ್ತು ಅಡಿ ಹೋಗಿರುತ್ತೆ. ಕೆಳಗೆ ಜಾಗ ಸಮ ಇರಲ್ಲ, ಇಳಿಜಾರು. ಬಿದಿರಿನ ಒಂಟಿ ಏಣಿ ಒರಗಿಸಿ, ತುದಿಯನ್ನು ಮರಕ್ಕೆ ಹಗ್ಗದಲ್ಲಿ ಕಟ್ಟಬೇಕು. ಕೆ.ಜಿ. ಲೆಕ್ಕದವರು ಎಷ್ಟೋ ಸಲ ಕಟ್ಟೋದೇ ಇಲ್ಲ. ಕಟ್ಟಿ ಬಿಚ್ಚೋ ಹೊತ್ತಿಗೆ ಇನ್ನೊಂದು ಮರ ಮುಗಿಯುತ್ತೆ ಅನ್ನೋ ಆಸೆ. ಸೊಂಟಕ್ಕೆ ಚೀಲ. ಒಂದು ಕೈ ಮರಕ್ಕೆ, ಒಂದು ಕೈ ಮೆಣಸಿಗೆ. ಬಲಗೈ ಸರಿ ಇಲ್ಲದವನು ಯಾವ ಕೈಯಲ್ಲಿ ಮರ ಹಿಡಿಯುತ್ತಾನೆ, ಯಾವ ಕೈಯಲ್ಲಿ ಕೊಯ್ಯುತ್ತಾನೆ? ಅಕ್ಕ ರಾತ್ರಿ ಮಲಗಿ ಇದನ್ನೇ ಯೋಚನೆ ಮಾಡಿರುತ್ತಾರೆ.

ಈಗ ಎಲ್ಲ ಕಡೆ ಅಲ್ಯೂಮಿನಿಯಂ ಏಣಿ ಬಂದಿದೆ. ಹೊರಲಿಕ್ಕೆ ಹಗುರ. ಆದರೆ ತೋಟದ ಮೇಲೆ ಕರೆಂಟ್ ಲೈನ್ ಇದ್ದರೆ ಅದಕ್ಕಿಂತ ದೊಡ್ಡ ಯಮ ಇಲ್ಲ. ಏಣಿ ಒರಗಿಸುವಾಗ ತಂತಿಗೆ ತಾಗಿ ಜೀವ ಹೋದ ಸುದ್ದಿ ಕೊಡಗು, ಹಾಸನ ಕಡೆ ಪೇಪರಿನಲ್ಲಿ ಬರುತ್ತಲೇ ಇರುತ್ತೆ.

ಭಾನುವಾರ ನನ್ನ ಹತ್ತಿರ ಬರೋರಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರೆ. ಒಬ್ಬನಿಗೆ ಮಗಳ ಫೋನು, ಇನ್ನೊಬ್ಬನಿಗೆ ಹೆಂಡತಿಯ ಸೀರೆ. ಮನೆಯಲ್ಲಿ ಹೇಳಬೇಡಿ ಅಣ್ಣ ಅಂತಾರೆ. ನಾನು ಹೇಳಲ್ಲ. ಆದರೆ ಕೈಯಲ್ಲಿ ರಾಡ್ ಇದೆ ಅಂತ ಗೊತ್ತಿದ್ದರೆ ನಾನು ಹತ್ತಿಸುತ್ತಿರಲಿಲ್ಲ.

ಮೈಸೂರಲ್ಲಿರೋ ಕೊಡಗಿನವ:

ಅಣ್ಣ, ನೀವು ಹೇಳಿದ ಮೇಲೆ ನನ್ನ ಬಾಯಿ ಬಂದ್. ಆದರೂ ಓಲೆ ಹಾಕಿಕೊಳ್ಳಬೇಕು ಅನ್ನೋದು ನನ್ನ ಮಾತು.

ಪೊನ್ನಂಪೇಟೆ ಸೊಸೆ:

ಅಡ ಇಡೋದು ಲೈನ್ ಮನೆಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಮ್ಮದು ಸಣ್ಣ ತೋಟ. ಹೊರಗಿನವರಿಗೆ ಪ್ಲಾಂಟರ್. ಮಳೆಗಾಲ ಬಂತು ಅಂದರೆ ಗೊಬ್ಬರಕ್ಕೆ, ಮದ್ದಿಗೆ, ಕೂಲಿಗೆ ಅಂತ ನನ್ನ ಪತ್ತಾಕ್, ಅಂದರೆ ನಮ್ಮ ಕಡೆ ಕುತ್ತಿಗೆಗೆ ಹಾಕೋ ಚಿನ್ನದ ಒಡವೆ, ಅಡ ಇಡಲಿಕ್ಕೆ ಸೊಸೈಟಿಗೆ ಹೋಗುತ್ತೆ. ಕಾಫಿ ಮಾರಿದ ಮೇಲೆ ವಾಪಸ್ ಬರುತ್ತೆ. ಬಂದದ್ದನ್ನು ಯಾರೂ ಉಡುಗೊರೆ ಅನ್ನಲ್ಲ. ಬೇಲಿ ಕಟ್ಟಿದ ಹಾಗೆ ಅದೂ ಒಂದು ವರ್ಷದ ಕೆಲಸ.

ಒಂದು ವರ್ಷ ಮಾತ್ರ ಫಸಲೇ ಇರಲಿಲ್ಲ. ಹೂ ಬಿಡೋ ಹೊತ್ತಿಗೆ ಮಳೆ ಕೈಕೊಟ್ಟಿತು. ಪುತ್ತರಿ ಸುಗ್ಗಿ ಹಬ್ಬಕ್ಕೆ ನಾನು ಬರೀ ಕರಿಮಣಿಯಲ್ಲಿ ಹೋಗಲು ರೆಡಿ ಆಗಿದ್ದೆ. ನಮ್ಮನೆಯವರು ಹಬ್ಬದ ಹಿಂದಿನ ದಿನ ಪತ್ತಾಕ್ ತಂದು ಕೊಟ್ಟರು. ಹೇಗೆ ಅಂದೆ. ಬೈಕ್ ಎಲ್ಲಿ ಅಂತ ನೋಡು ಅಂದರು. ಆಮೇಲೆ ಒಂದೂವರೆ ವರ್ಷ ಗೋಣಿಕೊಪ್ಪಕ್ಕೆ ಬಸ್ಸಿನಲ್ಲೇ ಓಡಾಡಿದರು. ನಾನು ಅದನ್ನು ಹಾಕಿಕೊಂಡೇ ಹೋದೆ ಅಕ್ಕ. ಹಬ್ಬಕ್ಕೆ ಕುತ್ತಿಗೆ ಬೋಳಾಗಿ ಹೋಗಿದ್ದರೆ ನಾಲ್ಕು ಜನ ನನ್ನನ್ನಲ್ಲ, ಅವರನ್ನೇ ಆಡಿಕೊಳ್ಳುತ್ತಿದ್ದರು. ಅವರು ಬೈಕ್ ಮಾರಿದ್ದು ನನಗಾಗಿ ಎಷ್ಟೋ, ಅವರ ಮರ್ಯಾದೆಗಾಗಿ ಅಷ್ಟೇ. ಹಾಗಂತ ಪ್ರೀತಿ ಕಡಿಮೆ ಅಂತೀರಾ? ನಾನಂತೂ ಅನ್ನಲ್ಲ.

ರಿಟೈರ್ಡ್ ರೈಟರ್, ಸೋಮವಾರಪೇಟೆ:

ನಾನು ಮೂವತ್ತು ವರ್ಷಕ್ಕೂ ಮೇಲೆ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯೋ ಗುಮಾಸ್ತ, ಆಗಿದ್ದವನು. ಕೂಲಿ ಬಟವಾಡೆ ನನ್ನ ಕೈಯಲ್ಲೇ ಆಗುತ್ತಿತ್ತು. ಯಾರ ಮನೆಯಲ್ಲಿ ಯಾರು ಯಾರಿಗೆ ಏನು ಕೊಡಿಸಿದರು ಅನ್ನೋದು ಸಂತೆಗಿಂತ ಮೊದಲು ನನ್ನ ಅಡ್ವಾನ್ಸ್ ಪುಸ್ತಕಕ್ಕೆ ಗೊತ್ತಾಗುತ್ತಿತ್ತು.

ಗಂಡಸರು ತಂದುಕೊಡೋದರಲ್ಲಿ ಒಂದು ಜಾತಿ ಇದೆ, ಅದನ್ನು ನಾನು ಉಡುಗೊರೆಗೆ ಸೇರಿಸಲ್ಲ. ಶನಿವಾರ ಬಟವಾಡೆ, ಶನಿವಾರ ರಾತ್ರಿ ಕುಡಿದು ಲೈನ್ ಪೂರ್ತಿ ಕೇಳೋ ಹಾಗೆ ಗಲಾಟೆ. ಭಾನುವಾರ ಸಂತೆಯಿಂದ ಜಿಲೇಬಿ, ಒಂದು ಡಜನ್ ಬಳೆ, ಮಲ್ಲಿಗೆ. ಸೋಮವಾರ ಹೆಂಗಸು ಆ ಬಳೆ ಹಾಕಿಕೊಂಡು ಕಾಫಿ ಕೊಯ್ಯಲು ಬರೋಳು. ಕಣ್ಣು ಊದಿರುತ್ತಿತ್ತು. ಬಳೆ ಚೆನ್ನಾಗಿದೆಯಮ್ಮ ಅಂತ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಇನ್ನೊಂದು ಗಮನಿಸಿದ್ದು ಹೇಳುತ್ತೇನೆ. ಅಡ್ವಾನ್ಸ್ ಕೇಳಿದಾಗ ಯಾತಕ್ಕೆ ಅಂತ ಬರೆದುಕೊಳ್ಳುತ್ತಿದ್ದೆ. ಗಂಡಸರು ಹಬ್ಬ ಅಂತ ಬರೆಸೋರು. ಹಬ್ಬ ಅಂದರೆ ಹೆಂಡತಿ ಮಕ್ಕಳ ಬಟ್ಟೆಯೂ ಇರುತ್ತೆ, ಬಾಟಲಿಯೂ ಇರುತ್ತೆ. ಹೆಂಗಸರು ಮಾತ್ರ ವಿವರ ಹೇಳೋರು. ಮಗನ ಬ್ಯಾಗು. ಗಂಡನ ಜರ್ಕಿನ್. ಅತ್ತೆಯ ಕಣ್ಣಿನ ಆಪರೇಷನ್. ನನಗೊಂದು ಸೀರೆ ಅಂತ ಬರೆಸಿದ ಹೆಂಗಸು ನನಗೆ ನೆನಪೇ ಇಲ್ಲ. ಅಡ್ವಾನ್ಸ್ ಮುರಿದುಕೊಳ್ಳೋದು ಮಳೆಗಾಲದಲ್ಲಿ, ಕೆಲಸ ಕಮ್ಮಿ ಇರುವಾಗ. ಜರ್ಕಿನ್ ಹಾಕಿಕೊಂಡವನು ಬೆಚ್ಚಗೆ, ಅದಕ್ಕೆ ಮುರಿತ ಹೆಂಡತಿಯ ಕೂಲಿಯಲ್ಲಿ.

ತಂಗಿ, ನಿಮ್ಮ ಯಜಮಾನರು ತಂದದ್ದು ನಾನು ಮೊದಲು ಹೇಳಿದ ಬಳೆಯ ಜಾತಿ ಅಲ್ಲ ಅನ್ನೋದು ಸ್ಪಷ್ಟ. ಒಂದು ಮಾತು ಕೇಳಲೇ? ನೀವು ಅವರಿಗೆ ಏನು ಕೊಟ್ಟಿದ್ದೀರಿ?

ಶನಿವಾರಸಂತೆ ಮೇಷ್ಟ್ರು:

ಇದನ್ನು ಓದುವಾಗ ನನಗೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನೆನಪಾದರು. 12ನೇ ಶತಮಾನ, ಕಲ್ಯಾಣ. ಗಂಡ ಹೆಂಡತಿಯ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟು ಯಾಕೆ, ನಮಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಅಲ್ಲೇ ಸುರಿದು ಬನ್ನಿ ಅಂತ ಕಳಿಸಿದಳು. ಆತ ಹೋಗಿ ಸುರಿದು ಬಂದ. ಗಂಡ ತಂದದ್ದನ್ನು ಬೇಡ ಅಂದಳು ಅಂತ ಅವರ ಸಂಸಾರ ಕೆಟ್ಟಿತು ಅಂತ ಯಾರೂ ಹೇಳಿಲ್ಲ. ಬೇಡ ಅನ್ನೋಕೂ ಪ್ರೀತಿ ಬೇಕು. ಸುಂಟಿಕೊಪ್ಪದ ತಾಯಿ ಓಲೆಯನ್ನು ಡಬ್ಬಿಯಲ್ಲಿ ಇಟ್ಟಿರೋದು ನನಗೆ ತಪ್ಪಾಗಿ ಕಾಣಲ್ಲ.

ಕಂತು ಕಟ್ಟೋಳು:

ಮೇಷ್ಟ್ರೇ, ಅಕ್ಕಿಯನ್ನು ವಾಪಸ್ ಸುರಿಯಬಹುದು. ಹತ್ತಿ ಇಳಿದ ಮರವನ್ನು ಏನು ಮಾಡೋದು?

ಶನಿವಾರಸಂತೆ ಮೇಷ್ಟ್ರು:

ಒಪ್ಪಿದೆ ತಾಯಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಅಜ್ಜಿ ಮೊಮ್ಮಗಳು:

ನಾನೂ ಒಂದು ಹೇಳಲಾ? ಇದರಲ್ಲಿ ದುಡ್ಡೇ ಇಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಮ್ಮ ಅಜ್ಜ ಅಜ್ಜಿಯ ಮನೆ ಹೋಯಿತು. ಮಕ್ಕಂದೂರು ಕಡೆ. ಉಟ್ಟ ಬಟ್ಟೆಯಲ್ಲಿ ಹೊರಟು ಬಂದವರು. ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದರು. ಎಲ್ಲೆಲ್ಲಿಂದಲೋ ಲಾರಿಗಟ್ಟಲೆ ಬಟ್ಟೆ ಬಂದಿತ್ತು. ಒಂದು ಹಾಲ್‌ನಲ್ಲಿ ರಾಶಿ. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾಶಿಯಲ್ಲಿ ಇದ್ದದ್ದು ನೈಟಿ, ಚೂಡಿದಾರ, ಜಾರೋ ಸೀರೆಗಳು. ಅಜ್ಜಿ ಜೀವಮಾನದಲ್ಲಿ ನೈಟಿ ಹಾಕಿದವಳಲ್ಲ. ಹತ್ತಿ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಒದ್ದೆ ಸೀರೆಯನ್ನೇ ಮೈಮೇಲೆ ಒಣಗಿಸಿಕೊಂಡು ಮೂಲೆಯಲ್ಲಿ ಕೂತಿದ್ದಳು. ಕೇಳಿದರೆ ಚಳಿ ಇಲ್ಲ ಅನ್ನೋಳು.

ಅಜ್ಜ ಆ ರಾಶಿಯ ಪಕ್ಕ ಕೂತ. ಒಂದೊಂದೇ ಬಟ್ಟೆ ತೆಗೆದು ಬೆರಳಲ್ಲಿ ಉಜ್ಜಿ ನೋಡಿ, ಮಡಚಿ ಪಕ್ಕಕ್ಕೆ ಇಡುತ್ತಿದ್ದ. ವಾಲಂಟಿಯರ್ ಹುಡುಗರು, ತಾತ, ನಿಮಗೆ ಪಂಚೆ ಅಲ್ಲಿದೆ ಅಂದರು. ಇವನು ಕೇಳಿಸಿಕೊಳ್ಳಲಿಲ್ಲ. ಊಟದ ಸಾಲು ಮುಗಿಯಿತು. ಮಧ್ಯಾಹ್ನ ದಾಟಿದ ಮೇಲೆ ಒಂದು ಸಿಕ್ಕಿತು. ಹಸಿರು, ಅಂಚು ಮಾಸಿತ್ತು, ಒಂದು ಕಡೆ ರಫ್ ಹಾಕಿತ್ತು. ಹತ್ತಿ. ತಂದು ಅಜ್ಜಿಯ ಮಡಿಲಿಗೆ ಹಾಕಿದ. ಅಜ್ಜಿ ಮುಖ ಎತ್ತಿ ಕೇಳಿದ್ದು ಒಂದೇ ಮಾತು, ನೀವು ಉಂಡಿರಾ? ಅವನು ಉಂಡಿರಲಿಲ್ಲ. ಆಯ್ತು ಅಂದ. ಅವಳಿಗೆ ಗೊತ್ತಾಯ್ತು. ಅವತ್ತು ಅವಳ ಪಾಲಿನ ಬ್ರೆಡ್ಡು ಯಾರ ಹೊಟ್ಟೆಗೆ ಹೋಯ್ತು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ನಮ್ಮಪ್ಪ ಆಮೇಲೆ ಮೈಸೂರಿಂದ ಅಜ್ಜಿಗೆ ಒಳ್ಳೊಳ್ಳೆ ಸೀರೆ ತಂದುಕೊಟ್ಟರು. ಉಟ್ಟಳು, ಚೆನ್ನಾಗಿದೆ ಅಂದಳು. ಮುಗಿಯಿತು.

ಸುಂಟಿಕೊಪ್ಪದಾಕೆ:

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಮೊಮ್ಮಗಳು ಬರೆದದ್ದು ಓದಿ ಕೆಲಸಕ್ಕೆ ಹೋಗೋದು ತಡವಾಯಿತು.

ರೈಟರ್ ಸಾರ್ ಕೇಳಿದರಲ್ಲ, ನಾನೇನು ಕೊಟ್ಟೆ ಅಂತ. ಈ ಸಲ ಸಂಘದ ಉಳಿತಾಯದಲ್ಲಿ ಇವರಿಗೆ ಗಂಬೂಟು, ಒಂದು ಗಟ್ಟಿ ರೇನ್‌ಕೋಟು ತಂದೆ. ಹೋದ ಮಳೆಗಾಲ ಪೂರ್ತಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡೇ ಕೆಲಸ ಮಾಡಿದ್ದಾರೆ. ರಾಡ್ ಇರೋ ಕಡೆ ಥಂಡಿಗೆ ನೋವು ಬರುತ್ತೆ, ರಾತ್ರಿ ಕೈ ಹಿಡಿದುಕೊಂಡು ಕೂರುತ್ತಾರೆ. ತಂದು ಬಾಗಿಲ ಹಿಂದೆ ಇಟ್ಟೆ. ಬೆಳಿಗ್ಗೆ ಹಾಕಿಕೊಂಡು ಹೋದರು. ಎಷ್ಟಾಯ್ತು ಅಂತ ಕೇಳಲಿಲ್ಲ, ಎಲ್ಲಿಂದ ಬಂತು ಅಂತಲೂ ಕೇಳಲಿಲ್ಲ. ಗಂಬೂಟಿಗೆ ಯಾರು ಗಿಫ್ಟ್ ಅಂತಾರೆ ಬಿಡಿ.

ಆ ದುಡ್ಡು ಸಂಘದವರ ಜೊತೆ ಧರ್ಮಸ್ಥಳ ಟೂರಿಗೆ ಅಂತ ಇಟ್ಟಿದ್ದೆ. ಎಲ್ಲರೂ ಹೋದರು. ನಾನು ಸೊಂಟ ನೋವು ಅಂತ ಹೇಳಿ ಉಳಿದೆ.

ಮೈಸೂರಲ್ಲಿರೋ ಕೊಡಗಿನವ:

ಆಹಾ! ಭಾವ ಗೆಳೆಯನ ಮನೆ ರಿಪೇರಿ ಅಂದರು, ನೀವು ಸೊಂಟ ನೋವು ಅಂದಿರಿ. ಇಬ್ಬರೂ ಒಂದೇ ಮನೆಯವರು ಅಂತ ಗೊತ್ತಾಗುತ್ತೆ.

ಸುಂಟಿಕೊಪ್ಪದಾಕೆ:

ಸೊಂಟ ನೋವು ಅಂತ ಸುಳ್ಳು ಹೇಳಿದರೆ ಯಾರೂ ಮರದಿಂದ ಬೀಳಲ್ಲ ತಮ್ಮ. ನನಗೆ ಮಂಜುನಾಥನ ದರ್ಶನ ಒಂದು ತಪ್ಪಿತು, ಇನ್ನೊಂದು ಸಲ ಹೋಗಬಹುದು. ಅವರು ಏಣಿಯಿಂದ ಜಾರಿದ್ದರೆ? ಸುದ್ದಿ ಯಾವ ತೋಟದಿಂದ ಬರುತ್ತೆ ಅಂತಲೂ ನನಗೆ ಗೊತ್ತಿರುತ್ತಿರಲಿಲ್ಲ. ಗೆಳೆಯನ ಮನೆಗೆ ಓಡಿಹೋಗಿ, ಅಲ್ಲಿ ಅವರಿಲ್ಲ ಅಂತ ನಿಂತಿರುತ್ತಿದ್ದೆ. ನನಗೆ ಇದು ಒಂದು ಇಳಿಯುತ್ತಿಲ್ಲ. ಕೊಟ್ಟಿದ್ದರ ಬಗ್ಗೆ ನನ್ನದು ತಕರಾರಿಲ್ಲ. ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ ಅಂತಾರೆ. ಬೇಡ ಅನ್ನೋ ಅವಕಾಶವನ್ನೇ ಕಿತ್ತುಕೊಂಡು ಆಮೇಲೆ ನಿನಗಾಗಿ ಅಂದರೆ ಹೇಗೆ?

ಪೊನ್ನಂಪೇಟೆ ಸೊಸೆ:

ಈ ಮಾತು ನನ್ನ ಬೈಕಿಗೂ ತಾಗಿತು. ಅದನ್ನು ಮಾರೋ ಮೊದಲು ನನ್ನನ್ನೂ ಯಾರೂ ಕೇಳಲಿಲ್ಲ. ಆಮೇಲೆ ಒಂದೂವರೆ ವರ್ಷ ಬಸ್ ಸ್ಟ್ಯಾಂಡಿಗೆ ನಡೆದವರಲ್ಲಿ ನಾನೂ ಇದ್ದೆ.

ವಿರಾಜಪೇಟೆ ವಕೀಲೆ:

ತಡವಾಗಿ ನೋಡಿದೆ. ಎರಡು ವಿಷಯ ಹೇಳಬೇಕು. ಮೊದಲನೆಯದು ಚಿಕ್ಕದು, ಎರಡನೆಯದು ಅರ್ಜೆಂಟು.

ಅಮ್ಮ ಮದುವೆಗೆ ಕೊಟ್ಟ ಓಲೆ ಸ್ತ್ರೀಧನ. ಅದು ಪೂರ್ತಿ ನಿಮ್ಮದು. ಸುಪ್ರೀಂ ಕೋರ್ಟ್ 1985ರಲ್ಲೇ ಇದನ್ನು ಹೇಳಿತ್ತು. 2024ರಲ್ಲಿ ಮತ್ತೆ ಹೇಳಿತು: ಸ್ತ್ರೀಧನ ಗಂಡ ಹೆಂಡತಿಯ ಜಂಟಿ ಆಸ್ತಿ ಅಲ್ಲ, ಕಷ್ಟಕಾಲದಲ್ಲಿ ಗಂಡ ಬಳಸಬಹುದು, ಆದರೆ ವಾಪಸ್ ಕೊಡೋದು ಅವನ ನೈತಿಕ ಹೊಣೆ. ಹಾಗೆ ನೋಡಿದರೆ ನಿಮ್ಮ ಯಜಮಾನರು ಉಡುಗೊರೆ ಕೊಟ್ಟಿಲ್ಲ, ಸಾಲ ತೀರಿಸಿದ್ದಾರೆ. ಎಷ್ಟು ಜನ ಗಂಡಂದಿರು ತೀರಿಸುತ್ತಾರೆ ಅಂತ ನನ್ನ ಆಫೀಸಿನಲ್ಲಿ ಒಂದು ದಿನ ಕೂತರೆ ಗೊತ್ತಾಗುತ್ತೆ. ಅದಕ್ಕಾದರೂ ಅವರನ್ನು ಸ್ವಲ್ಪ ಮಾತಾಡಿಸಿ.

ಈಗ ಅರ್ಜೆಂಟ್ ವಿಷಯ. ಅವರು ಬಿದ್ದದ್ದು ತೋಟದ ಕೆಲಸ ಮಾಡುವಾಗ. ಕೆಲಸದಲ್ಲಿ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕು ಅನ್ನೋ ಕಾಯ್ದೆ 1923ರಿಂದ ಇದೆ. ಕಾಫಿ ತೋಟದ ಕೆಲಸ ಅದರ ಪಟ್ಟಿಯಲ್ಲೇ ಇದೆ. ಆದರೆ ಘಟನೆ ಆದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ನೀವು 2023ರ ಮೇ ಕೊನೆ ಅಂತ ಬರೆದಿದ್ದೀರಿ. ಅಂದರೆ ಈ ತಿಂಗಳ ಕೊನೆಗೆ ಅವಧಿ ಮುಗಿಯುತ್ತೆ. ತಡವಾದರೆ ಸರಿಯಾದ ಕಾರಣ ತೋರಿಸಿ ಕೇಳಬಹುದು, ಆದರೆ ಆ ಕಷ್ಟ ಯಾಕೆ? ನಿಮ್ಮ ಓಲೆ ಅಡಕ್ಕೆ ಹೋಗಬೇಕಾದ ಅಗತ್ಯವೇ ಇರಲಿಲ್ಲ ಅನ್ನೋದು ನನ್ನ ಮಾತು. ನೀವಿಬ್ಬರೂ ಒಬ್ಬರಿಗೊಬ್ಬರು ತ್ಯಾಗ ಮಾಡಿಕೊಂಡು ಎರಡು ವರ್ಷ ಕಳೆದಿರಿ. ಕೊಡಬೇಕಾದವರು ಮೂರನೆಯವರು.

ಸುಂಟಿಕೊಪ್ಪದಾಕೆ:

ಮೇಡಂ, ಸಾಹುಕಾರರು ಆಸ್ಪತ್ರೆಗೆ ಆಗ ಐದು ಸಾವಿರ ಕೊಟ್ಟಿದ್ದರು. ಆಮೇಲೆ ನಾವು ಕೇಳಲಿಲ್ಲ. ಇರೋದು ಅವರ ಲೈನ್ ಮನೆಯಲ್ಲಿ. ಹೇಗೆ ಕೇಳೋದು?

ವಿರಾಜಪೇಟೆ ವಕೀಲೆ:

ಈ ಭಯ ಎಲ್ಲರಿಗೂ ಇರುತ್ತೆ. ತೋಟ ಐದು ಹೆಕ್ಟೇರ್ ಅಥವಾ ಜಾಸ್ತಿ ಇದ್ದು, 15 ಜನ ಕೆಲಸಗಾರರಿದ್ದರೆ 1951ರ ತೋಟ ಕಾರ್ಮಿಕರ ಕಾಯ್ದೆಯ ಪ್ರಕಾರ ಮನೆ, ಔಷಧಿ ವ್ಯವಸ್ಥೆ ಅವರ ಜವಾಬ್ದಾರಿ, ಉಪಕಾರ ಅಲ್ಲ. ಚಿಕ್ಕ ತೋಟವಾದರೆ ಇದು ಅನ್ವಯಿಸಲ್ಲ, ಆದರೆ ಗಾಯದ ಪರಿಹಾರ ಬೇರೆಯೇ ವಿಷಯ. ಮೊದಲು ಕೂತು ಮಾತಾಡಿ. ಕೆಲವು ಮಾಲೀಕರು ಇನ್ಶೂರೆನ್ಸ್ ಮಾಡಿಸಿರುತ್ತಾರೆ, ಅವರ ಕೈಯಿಂದ ಹೋಗೋದೂ ಇಲ್ಲ. ಆಗಲಿಲ್ಲ ಅಂದರೆ ಮಡಿಕೇರಿ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಆದಾಯ ಕಡಿಮೆ ಇರೋ ಗಂಡಸರಿಗೂ, ಹೆಂಗಸರಿಗಾದರೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಫೋನ್ ಮಾಡೋದಾದರೆ 15100.

ಮೆಣಸು ಕಾಂಟ್ರಾಕ್ಟರ್, ಸಿದ್ದಾಪುರ:

ಮೇಡಂ, ನೀವು ಹೇಳಿದ ಕಾಯ್ದೆ ನನ್ನಂಥ ಕಾಂಟ್ರಾಕ್ಟರ್ ಮೇಲೂ ಬರುತ್ತಾ?

ವಿರಾಜಪೇಟೆ ವಕೀಲೆ:

ಬರುತ್ತೆ ಅಣ್ಣ. ಗಾಯವಾದವನು ತೋಟದ ಮಾಲೀಕರನ್ನು ಕೇಳಬಹುದು, ಮಾಲೀಕರು ನಿಮ್ಮಿಂದ ವಸೂಲಿ ಮಾಡಬಹುದು. ಹಗ್ಗ ಕಟ್ಟಿಸಿ. ಇನ್ಶೂರೆನ್ಸ್ ಮಾಡಿಸಿ.

ಸುಂಟಿಕೊಪ್ಪದಾಕೆ:

ರಾತ್ರಿ ಇದನ್ನೆಲ್ಲ ಇವರಿಗೆ ಓದಿ ಹೇಳಿದೆ. ಅಜ್ಜ ಸೀರೆ ಹುಡುಕಿದ್ದು ಎರಡು ಸಲ ಓದಿಸಿದರು. ಸಾಲ ತೀರಿಸಿದ್ದು ಅಂತ ವಕೀಲರು ಹೇಳಿದ್ದಕ್ಕೆ ಮುಖ ಸಣ್ಣದು ಮಾಡಿಕೊಂಡರು. ಆಮೇಲೆ, ಸರಿ, ಹಾಗಾದರೆ ಗಿಫ್ಟು ಇನ್ನೂ ಬಾಕಿ ಇದೆ ಅಂದರು. ಬೇಡಪ್ಪ ದೇವರೇ ಅಂದೆ.

ಏಣಿ ಹತ್ತೋದು ಬಿಡಿ ಅಂದರೆ, ಬಿಟ್ಟು ಏನು ಮಾಡಲಿ, ನನಗೆ ಗೊತ್ತಿರೋ ಕೆಲಸ ಅದೇ ಅಂದರು. ಅದು ನಿಜ. ಮರಗಸಿಯವರಿಗೆ ಸಿಗೋ ಕೂಲಿ ಕೆಳಗಿನ ಕೆಲಸಕ್ಕೆ ಇಲ್ಲ. ಕೊನೆಗೆ ಭಾನುವಾರದ್ದು ನಿಲ್ಲಿಸುತ್ತೇನೆ, ಹಗ್ಗ ಕಟ್ಟದೆ ಹತ್ತಲ್ಲ, ಎಲ್ಲಿ ಹೋದರೂ ತೋಟದ ಹೆಸರು ಹೇಳಿ ಹೋಗುತ್ತೇನೆ ಅಂತ ಒಪ್ಪಿಕೊಂಡಿದ್ದಾರೆ. ಓಲೆ ಹಾಕಿಕೊಂಡೆ. ಒಂದು ಕಡೆ ತೂತು ಬಿಗಿಯಾಗಿತ್ತು, ಎಣ್ಣೆ ಹಚ್ಚಿ ಹಾಕಬೇಕಾಯಿತು.

ಸಾಹುಕಾರರ ಹತ್ತಿರ ಹೋಗಲು ಇವರಿಗೆ ಇನ್ನೂ ಮನಸ್ಸಿಲ್ಲ. ಆದರೆ ಮಡಿಕೇರಿಗೆ ಹೋಗಿ ವಿಚಾರಿಸೋಣ ಅಂದಿದ್ದಾರೆ. ಶುಕ್ರವಾರ ಸಂತೆ ಇರುತ್ತೆ, ಯಾರಿಗೂ ಅನುಮಾನ ಬರಲ್ಲ. ನನಗೆ ಬಸ್ಸು ಫ್ರೀ, ಇವರಿಗೆ ಮಾತ್ರ ಟಿಕೆಟ್. ಏನೇನು ತರಬೇಕು ಮೇಡಂ?

ವಿರಾಜಪೇಟೆ ವಕೀಲೆ:

ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಔಷಧಿ ಬಿಲ್ಲು ಇದ್ದಷ್ಟು. ಇಬ್ಬರ ಆಧಾರ್. ಕೈ ಎಷ್ಟು ಮಡಚಲಿಕ್ಕೆ ಆಗುತ್ತೆ ಅಂತ ಸರ್ಕಾರಿ ಡಾಕ್ಟರ್ ಹತ್ತಿರ ಸರ್ಟಿಫಿಕೇಟ್ ಮಾಡಿಸಬೇಕಾಗುತ್ತೆ, ಅದು ಆಮೇಲೆ ಆದರೂ ಸರಿ. ಬಿದ್ದಾಗ ಜೊತೆಯಲ್ಲಿದ್ದವರ ಹೆಸರು. ಆ ದಿನ ಅದೇ ತೋಟದಲ್ಲಿ ಕೆಲಸ ಮಾಡಿದ್ದಕ್ಕೆ ಏನಾದರೂ ದಾಖಲೆ ಸಿಕ್ಕಿದರೆ ತುಂಬಾ ಒಳ್ಳೆಯದು.

ರಿಟೈರ್ಡ್ ರೈಟರ್, ಸೋಮವಾರಪೇಟೆ:

ಅದಕ್ಕೆ ಚೆಕ್‌ರೋಲ್, ಅಂದರೆ ತೋಟದ ಹಾಜರಿ ಪುಸ್ತಕ, ಇದೆಯಲ್ಲ. ಆ ದಿನದ ಪುಟದಲ್ಲಿ ನಿಮ್ಮ ಯಜಮಾನರ ಹೆಸರ ಮುಂದೆ ಏನು ಹಾಕಿದ್ದಾರೆ ನೋಡಬೇಕು. ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಮೊದಲು ಬಿದ್ದಿದ್ದರೆ ಅರ್ಧ ದಿನ ಅಂತ ಹಾಕಿರುತ್ತಾರೆ. ಪುಸ್ತಕ ನಿಮ್ಮ ಕೈಗೆ ಕೊಡಲ್ಲ, ನೀವು ಕೇಳಲೂ ಬೇಡಿ, ಕೇಳಿದರೆ ಪುಟ ಕಾಣೆಯಾಗುತ್ತೆ. ತಾರೀಖು ಸರಿಯಾಗಿ ನೆನಪು ಮಾಡಿಕೊಂಡು ವಕೀಲರಿಗೆ ಹೇಳಿ, ತರಿಸಿಕೊಳ್ಳೋದು ಅವರಿಗೆ ಗೊತ್ತಿರುತ್ತೆ. ಆ ವಾರದ ಬಟವಾಡೆ ಚೀಟಿ ಮನೆಯಲ್ಲಿದ್ದರೆ ಅದನ್ನೂ ಹುಡುಕಿ. ಹೆಚ್ಚಿನ ಮನೆಗಳಲ್ಲಿ ಅದು ಅಕ್ಕಿ ಡಬ್ಬದ ಅಡಿಯಲ್ಲೋ ದೇವರ ಫೋಟೋ ಹಿಂದೆಯೋ ಇರುತ್ತೆ.